ಮೀನಿನ ಮೈಯಲ್ಲಿ ಬರೆದಿಟ್ಟ ಊಟದ ಲೆಕ್ಕ

ಕೆನಡಾ ದೇಶದ ವಾಯವ್ಯ ಮೂಲೆಯಲ್ಲಿ ಯೂಕಾನ್ ನದಿ ಒಂದೆಡೆ ಹಿಗ್ಗಿ, ಸುಮಾರು 50 ಕಿಲೋಮೀಟರ್ ಉದ್ದದ ಸರೋವರವಾಗಿ ನಿಂತಿದೆ. ನಕ್ಷೆಯಲ್ಲಿ ಅದರ ಹೆಸರು ಲಬಾರ್ಜ್. ಅಲ್ಲಿನ ಮೂಲನಿವಾಸಿಗಳಿಗೆ ಅದು ತಾಆನ್ ಮಾನ್; ಅವರ ಜನಾಂಗಕ್ಕೂ ಆ ನೀರಿನಿಂದಲೇ ತಾಆನ್ ಕ್ವಾಚಾನ್ ಎಂಬ ಹೆಸರು ಬಂದಿದೆ. ಹುಟ್ಟಿದೂರನ್ನು ಹೆಸರಿನ ಮೊದಲ ಅಕ್ಷರವಾಗಿ ಹೊತ್ತುಕೊಂಡು ಪರಸ್ಥಳದಲ್ಲಿ ಬಾಳುವ ನಮಗೆ ಇದು ಅರ್ಥವಾಗದ ಮಾತೇನಲ್ಲ.

1991ರಲ್ಲಿ ಈ ಜನರಿಗೆ ಆರೋಗ್ಯಾಧಿಕಾರಿಗಳಿಂದ ಒಂದು ಎಚ್ಚರಿಕೆ ಬಂದಿತು. ಈ ಸರೋವರದ ದೊಡ್ಡ ಮೀನುಗಳನ್ನು ತಿನ್ನುವುದು ಕ್ಷೇಮವಲ್ಲ, ಬರ್ಬಟ್ ಮೀನಿನ ಯಕೃತ್ತಂತೂ ಬೇಡವೇ ಬೇಡ ಎಂದು. ಕಾರಣ, ಮೀನಿನಲ್ಲಿ ಟಾಕ್ಸಾಫೀನ್ ಎಂಬ ಕೀಟನಾಶಕ ಕಂಡುಬಂದಿತ್ತು. ನಮ್ಮ ಕರಾವಳಿಯ ಗೇರುತೋಟಗಳ ಮೇಲೆ ಸುರಿದು, ಕೊನೆಗೆ 2011ರಲ್ಲಿ ಸುಪ್ರೀಂ ಕೋರ್ಟು ತಡೆದ ಎಂಡೋಸಲ್ಫಾನಿನ ದಾಯಾದಿ ಇದು. ಎರಡೂ ಕ್ಲೋರಿನ್ ಸೇರಿದ ವಿಷಗಳು. ಟಾಕ್ಸಾಫೀನನ್ನು ಹೆಚ್ಚಾಗಿ ಬಳಸುತ್ತಿದ್ದುದು ಅಮೆರಿಕದ ದಕ್ಷಿಣ ಭಾಗದ ಹತ್ತಿಹೊಲಗಳಲ್ಲಿ. 1982ರಲ್ಲಿಯೇ ಅಲ್ಲಿನ ಸರಕಾರ ಅದರ ಬಹುಪಾಲು ಬಳಕೆಯನ್ನು ನಿಲ್ಲಿಸಿತ್ತು.

ಹಾಗಾದರೆ ಹತ್ತಿಯೇ ಬೆಳೆಯದ ಆ ಹಿಮದ ನಾಡಿಗೆ ಅದು ಬಂದದ್ದೆಲ್ಲಿಂದ? ಯಾರಾದರೂ ಕದ್ದು ಸುರಿದರೆ? ಗಾಳಿಯಲ್ಲಿ ಬಂದಿತೆನ್ನೋಣವೆಂದರೆ, ನೆರೆಯ ಫಾಕ್ಸ್ ಮತ್ತು ಕುಸಾವಾ ಸರೋವರಗಳ ಮೇಲೂ ಬೀಸುವುದು ಅದೇ ಗಾಳಿ. ಅಲ್ಲಿನ ಮೀನುಗಳಲ್ಲಿ ವಿಷ ಅಷ್ಟಿರಲಿಲ್ಲ.

ಈ ಪ್ರಶ್ನೆಗೆ ಉತ್ತರ ಬೇಕಾದರೆ ಮೊದಲು ಆ ನೀರಿನೊಳಗೆ ಯಾರು ಯಾರನ್ನು ತಿನ್ನುತ್ತಾರೆ ಎಂಬುದು ಗೊತ್ತಾಗಬೇಕು. ಇದು ಹಳೆಯ ಪ್ರಶ್ನೆ. ಅಮೆರಿಕದ ಇಲಿನಾಯ್ ರಾಜ್ಯದ ಸ್ಟೀಫನ್ ಫೋರ್ಬ್ಸ್ ಮೀನುಗಳ ಹೊಟ್ಟೆ ಸೀಳಿ ಸೀಳಿ ನೋಡಿ, 1887ರಲ್ಲಿ ಸರೋವರವೆಂಬುದು ತನ್ನಷ್ಟಕ್ಕೆ ತಾನೇ ಒಂದು ಪುಟ್ಟ ಜಗತ್ತು ಎಂಬ ಪ್ರಸಿದ್ಧ ಉಪನ್ಯಾಸವನ್ನು ಮಾಡಿದ. ಆದರೆ ಹೊಟ್ಟೆ ಹೇಳುವುದು ಕಡೆಯ ಊಟದ ಕಥೆಯನ್ನಷ್ಟೆ. ಎಷ್ಟೋ ಸಲ ಹೊಟ್ಟೆ ಬರಿದಾಗಿರುತ್ತದೆ. ಮೆತ್ತನೆಯ ಹುಳುಗಳು ಕರಗಿಹೋಗಿ ಗಟ್ಟಿ ಚಿಪ್ಪುಗಳು ಮಾತ್ರ ಉಳಿದಿರುತ್ತವೆ. ಮದುವೆಮನೆಯ ಎಲೆಯ ಮೇಲೆ ಉಳಿದ ಕರಿಬೇವನ್ನು ನೋಡಿ ಅಡುಗೆ ಏನಿತ್ತೆಂದು ಹೇಳಿದಂತೆ.

ಮುಂದಿನ ದೊಡ್ಡ ಹೆಜ್ಜೆ ಮಿನ್ನೆಸೋಟ ವಿಶ್ವವಿದ್ಯಾಲಯದ ರೇಮಂಡ್ ಲಿಂಡೆಮನ್ ಎಂಬ ತರುಣನದು. ಸೀಡರ್ ಬಾಗ್ ಎಂಬ ಆಳವಿಲ್ಲದ, ಮುದಿಯಾದ ಸರೋವರವೊಂದನ್ನು ಹಿಡಿದುಕೊಂಡು, ಹೆಂಡತಿ ಎಲಿನೋರಳ ನೆರವಿನಿಂದ ವರ್ಷಗಟ್ಟಲೆ ಅಲ್ಲಿನ ಪಾಚಿ, ಹುಳು, ಮೀನುಗಳ ಲೆಕ್ಕವಿಟ್ಟ. ಬಿಸಿಲಿನ ಶಕ್ತಿ ಪಾಚಿಗೆ, ಪಾಚಿಯಿಂದ ಹುಳುವಿಗೆ, ಹುಳುವಿನಿಂದ ಮೀನಿಗೆ ಮೆಟ್ಟಿಲು ಮೆಟ್ಟಿಲಾಗಿ ಸಾಗುವುದನ್ನು ತೋರಿಸುವ ಪ್ರಬಂಧ ಬರೆದ. ಅದನ್ನು ಪರಿಶೀಲಿಸಿದ ಇಬ್ಬರು ಹಿರಿಯರು, ಸಿದ್ಧಾಂತ ಹೆಚ್ಚು, ಆಧಾರ ಕಡಿಮೆ ಎಂದು ತಳ್ಳಿಹಾಕಿದರು. ಅವನ ಪರವಾಗಿ ನಿಂತವರು ಯೇಲ್ ವಿಶ್ವವಿದ್ಯಾಲಯದ ಹಚಿನ್‌ಸನ್. 1932ರಲ್ಲಿ ನಮ್ಮ ಲಡಾಖಿನ ಸರೋವರಗಳನ್ನು ನೋಡಿ ಹೋಗಿದ್ದವರು ಇವರೇ. ಪ್ರಬಂಧ ಅಚ್ಚಾದದ್ದು 1942ರ ಅಕ್ಟೋಬರಿನಲ್ಲಿ. ಲಿಂಡೆಮನ್ ಆ ಜೂನಿನಲ್ಲಿಯೇ ಇಪ್ಪತ್ತೇಳು ತುಂಬುವ ಮೊದಲು ಕಾಯಿಲೆಯಿಂದ ತೀರಿಕೊಂಡಿದ್ದ.

ವಿಚಿತ್ರವೆಂದರೆ, ಅವನಿಗೆ ಬೇಕಾಗಿದ್ದ ಉಪಕರಣ ಅದೇ ವಿಶ್ವವಿದ್ಯಾಲಯದಲ್ಲಿ ಇತ್ತು! ಆಲ್ಫ್ರೆಡ್ ನಿಯರ್ ಎಂಬ ಭೌತವಿಜ್ಞಾನಿ ಅಲ್ಲಿ ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಯಂತ್ರಗಳನ್ನು ಕಟ್ಟುತ್ತಿದ್ದ. 1939ರಲ್ಲಿ ಸಂಗಡಿಗನೊಬ್ಬನೊಡನೆ, ಇಂಗಾಲದ ಹಗುರ ಮತ್ತು ಭಾರ ಪರಮಾಣುಗಳ ಪ್ರಮಾಣ ಸುಣ್ಣಕಲ್ಲಿನಲ್ಲಿ ಒಂದು, ಗಿಡಗಳಲ್ಲಿ ಇನ್ನೊಂದು ಎಂದು ತೋರಿಸಿದ್ದ. ಆದರೆ ಅವನ ಯಂತ್ರಕ್ಕೆ ಯುರೇನಿಯಮ್ಮಿನ ಕರೆ ಬಂದಿತು. 1940ರಲ್ಲಿ ಅವನು ಬೇರ್ಪಡಿಸಿ ಕಳಿಸಿದ ಯುರೇನಿಯಮ್ಮಿನ ಕಣ ಅಣುಬಾಂಬಿನ ಚರಿತ್ರೆಗೆ ಸೇರಿತು. ಕೆರೆಯ ಮೀನು ಕಾಯಬೇಕಾಯಿತು, ಅದೂ ನಾಲ್ಕು ದಶಕಗಳ ಹತ್ತಿರ.

ಈ ಭಾರ, ಹಗುರಗಳ ವಿಷಯ ಕಷ್ಟದ್ದಲ್ಲ. ಒಂದೇ ಮೂಲವಸ್ತುವಿನ ಪರಮಾಣುಗಳಲ್ಲಿ ಕೆಲವು ತುಸು ಭಾರ, ಇವು ಸಮಸ್ಥಾನಿಗಳು. ಇವುಗಳಲ್ಲಿ ಕಿರಣ ಸೂಸದೆ ಹಾಗೆಯೇ ಉಳಿಯುವವು ಸ್ಥಿರ ಸಮಸ್ಥಾನಿಗಳು. ಸಾವಿರ ಇಂಗಾಲ ಪರಮಾಣುಗಳಲ್ಲಿ ಸುಮಾರು 11, ಸಾವಿರ ಸಾರಜನಕದಲ್ಲಿ ಸುಮಾರು 4 ಭಾರದವು. ರಾಗಿ, ಜೋಳಗಳು ಭಾರ ಇಂಗಾಲವನ್ನು ಭತ್ತ, ಗೋಧಿಗಳಿಗಿಂತ ತುಸು ಹೆಚ್ಚಾಗಿ ಹಿಡಿದುಕೊಳ್ಳುತ್ತವೆ. ಊರಿನಲ್ಲಿ ಮುದ್ದೆ ಉಂಡು ಬೆಳೆದವನು ಪಟ್ಟಣಕ್ಕೆ ಬಂದು ಅನ್ನ, ಚಪಾತಿಗೆ ಒಗ್ಗಿಕೊಂಡರೆ, ಅವನ ತಲೆಗೂದಲು ಆ ಬದಲಾವಣೆಯನ್ನು ಬರೆದಿಡುತ್ತದೆ. ಬಾಯಿ ಹೇಳದಿದ್ದರೂ.

1978ರಲ್ಲಿ ಕ್ಯಾಲಿಫೋರ್ನಿಯದ ಡಿನೀರೊ ಮತ್ತು ಎಪ್‌ಸ್ಟೈನ್ ಇದನ್ನೇ ಪ್ರಯೋಗಶಾಲೆಯಲ್ಲಿ ಸಾಧಿಸಿದರು. ನೊಣ, ಇಲಿ ಮೊದಲಾದವುಗಳಿಗೆ ಗೊತ್ತಾದ ಆಹಾರ ಹಾಕಿ ಬೆಳೆಸಿ, ಮೈಯ ಇಂಗಾಲ ಆಹಾರದ ಇಂಗಾಲವನ್ನೇ ಹೋಲುತ್ತದೆ ಎಂದು ಕಂಡರು. 1981ರಲ್ಲಿ ಸಾರಜನಕದ ಸರದಿ. ಇದರ ನಡತೆ ಬೇರೆ. ಪ್ರಾಣಿ ವಿಸರ್ಜಿಸುವ ಕಲ್ಮಷದಲ್ಲಿ ಹಗುರ ಸಾರಜನಕ ಹೆಚ್ಚಾಗಿ ಹೋಗುತ್ತದೆ, ಭಾರದ್ದು ಮೈಯಲ್ಲಿ ಉಳಿಯುತ್ತದೆ. ಆದ್ದರಿಂದ ತಿನ್ನುವವನಲ್ಲಿ ತಿನ್ನಿಸಿಕೊಂಡವನಿಗಿಂತ ಭಾರ ಸಾರಜನಕದ ಪಾಲು ಹೆಚ್ಚು. ಜಪಾನಿನ ಮಿನಾಗಾವಾ ಮತ್ತು ವಾಡಾ ಸಮುದ್ರಗಳ ಜೊತೆಗೆ ಆಶಿನೊಕೊ ಸರೋವರದ ಜೀವಿಗಳನ್ನೂ ಅಳೆದು, ಒಂದೊಂದು ಮೆಟ್ಟಿಲಿಗೆ ಈ ಏರಿಕೆ ಸರಾಸರಿ ಸಾವಿರಕ್ಕೆ 3.4 ಪಾಲು ಎಂದು 1984ರಲ್ಲಿ ಪ್ರಕಟಿಸಿದರು. ಲಿಂಡೆಮನ್ ಎಣಿಸಿದ ಮೆಟ್ಟಿಲುಗಳಿಗೆ ಕೊನೆಗೂ ಒಂದು ಅಳತೆಗೋಲು ಸಿಕ್ಕಿತು. ಮೀನಿನ ಒಂದು ಚೂರು ಮಾಂಸ ಸಾಕು, ಅದು ತಿಂಗಳುಗಟ್ಟಲೆ ಉಂಡ ಊಟದ ಸರಾಸರಿಯನ್ನು ಹೇಳುತ್ತದೆ. ಉಂಡದ್ದು ಯಾವ ಮೀನು, ಯಾವ ಹುಳು ಎಂದು ಹೆಸರು ಮಾತ್ರ ಹೇಳದು. ಅದಕ್ಕೆ ಈಗಲೂ ಹೊಟ್ಟೆ ಸೀಳಿಯೇ ನೋಡಬೇಕು; ಫೋರ್ಬ್ಸನ ಕತ್ತರಿಗೆ ಇನ್ನೂ ನಿವೃತ್ತಿಯಿಲ್ಲ.

ಈ ಗೋಲನ್ನು ಕ್ಯಾರೆನ್ ಕಿಡ್, ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು ಯೂಕಾನಿಗೆ ಒಯ್ದರು. ಮೂರೂ ಸರೋವರಗಳ ಜೀವಿಗಳಲ್ಲಿ ಸಾರಜನಕ ಅಳೆದರು. ನೀರಿನಲ್ಲಿ ವಿಷವೆಷ್ಟು ಎಂದು ನೋಡಿದರು. ತಳದ ಕೆಸರನ್ನು ಪದರ ಪದರವಾಗಿ ತೆಗೆದು, ಯಾವ ಕಾಲದಲ್ಲಿ ಎಷ್ಟು ಬಿದ್ದಿತೆಂದು ಲೆಕ್ಕ ಹಾಕಿದರು. ಕದ್ದು ಸುರಿದ ಗುರುತು ಸಿಗಲಿಲ್ಲ. ವಿಷ ಬಂದದ್ದು ಗಾಳಿಯಲ್ಲಿಯೇ, ಅದೂ ಅಲ್ಪ ಪ್ರಮಾಣದಲ್ಲಿ. ವ್ಯತ್ಯಾಸವಿದ್ದದ್ದು ಊಟದ ಸಾಲಿನಲ್ಲಿ. ಲಬಾರ್ಜಿನ ಆಹಾರ ಸರಪಳಿ ಅಸಾಧಾರಣ ಉದ್ದದ್ದು. ಅಲ್ಲಿನ ದೊಡ್ಡ ಮೀನು ನೆರೆಯ ಸರೋವರದ ತನ್ನ ಜಾತಿಯವಕ್ಕಿಂತ ಮೇಲಿನ ಮೆಟ್ಟಿಲಿನಲ್ಲಿ ಕುಳಿತು ಉಣ್ಣುತ್ತಿತ್ತು. ಕೊಬ್ಬಿನಲ್ಲಿ ಸೇರಿ ಕರಗದೆ ಉಳಿಯುವ ಈ ವಿಷ ಮೆಟ್ಟಿಲಿನಿಂದ ಮೆಟ್ಟಿಲಿಗೆ ಹೆಚ್ಚುತ್ತ ಹೋಗಿ ಬರ್ಬಟ್ಟಿನ ಕೊಬ್ಬಿದ ಯಕೃತ್ತಿನಲ್ಲಿ ರಾಶಿಬಿದ್ದಿತ್ತು.

ಈ ಉತ್ತರ ಅಚ್ಚಾದದ್ದು 1995ರಲ್ಲಿ. ಸರೋವರದ ದಡದಲ್ಲಿ ಹಿಡಿದು ಕೇಳಬಹುದಾದ ಅಪರಾಧಿ ಯಾರೂ ಇರಲಿಲ್ಲ. ಸಿಂಪಡಿಸಿದವರು ಸಾವಿರಾರು ಮೈಲಿ ದಕ್ಷಿಣದಲ್ಲಿ, ತಮ್ಮ ಹತ್ತಿ ಮಾರಿ ಎಷ್ಟೋ ವರ್ಷಗಳಾಗಿದ್ದವು.