ಟೊಮ್ಯಾಟೊ ಸಸಿಯೂ ಕಾಯಿಕೊರಕ ಹುಳುವೂ: ಬೆಳೆರಕ್ಷಣೆಯ ಇತಿಹಾಸದಲ್ಲಿ ಒಂದು ನೈತಿಕ ಪ್ರಶ್ನೆ

ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿಗೆ ಸೇರಿದ ಮಸರಕಲ್ ಮತ್ತು ಅದರ ನೆರೆಯ ಗ್ರಾಮಗಳು ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಪ್ರದೇಶದಲ್ಲಿವೆ. ಜೋಳ, ತೊಗರಿ, ಕಡಲೆ, ಹತ್ತಿ, ಮೆಣಸಿನಕಾಯಿಗಳು ಈ ಸೀಮೆಯ ಪರಿಚಿತ ಬೆಳೆಗಳು. ನೀರಿನ ಆಸರೆಯಿರುವಲ್ಲಿ ಭತ್ತವನ್ನೂ ಕಾಯಿಪಲ್ಯವನ್ನೂ ಬೆಳೆಯುತ್ತಾರೆ. ಈ ಪಂಕ್ತಿಯಲ್ಲಿ ಟೊಮ್ಯಾಟೊ ತೀರ ಈಚಿನ ಅತಿಥಿ. ಆದರೆ ಆ ಗಿಡವನ್ನು ಕಾಡುವ ಕಾಯಿಕೊರಕ ಹುಳು ಮಾತ್ರ ಇಲ್ಲಿಯ ಹಳೆಯ ನಿವಾಸಿ. ತೊಗರಿಯ ಕಾಯಿ, ಕಡಲೆಯ ಬುಡ್ಡಿ, ಹತ್ತಿಯ ಕಾಯಿ, ಟೊಮ್ಯಾಟೊ ಹಣ್ಣು ಇವೆಲ್ಲವನ್ನೂ ಕೊರೆಯುವುದು ಒಂದೇ ಜಾತಿಯ ಹುಳು. ಈ ಹುಳುವಿನಿಂದ ಬೆಳೆಯನ್ನು ಕಾಯುವಾಗ ರೈತನು ಎಷ್ಟರ ಮಟ್ಟಿನ ಹಿಂಸೆಗೆ ಹೊಣೆಗಾರನಾಗುತ್ತಾನೆ ಎಂಬ ಪ್ರಶ್ನೆ ನಮ್ಮ ಸಮಾಜಕ್ಕೆ ಹೊರಗಿನದಲ್ಲ. ಬೆಳಗಾವಿ, ಧಾರವಾಡ ಭಾಗಗಳ ಜೈನರಲ್ಲಿ ಬಹುಮಂದಿ ಒಕ್ಕಲುತನವನ್ನೇ ನಂಬಿದವರು.

ಟೊಮ್ಯಾಟೊ ಹುಟ್ಟಿದ್ದು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಸೀಮೆಯಲ್ಲಿ. ತೋಟದ ಬೆಳೆಯಾಗಿ ರೂಪುಗೊಂಡದ್ದು ಮೆಕ್ಸಿಕೊದಲ್ಲಿ. ಯುರೋಪಿನ ಗ್ರಂಥಗಳಲ್ಲಿ ಅದರ ಮೊದಲ ವರ್ಣನೆ ದೊರೆಯುವುದು 1544ರಲ್ಲಿ, ಇಟಲಿಯ ವೈದ್ಯ ಮತ್ತಿಯೋಲಿಯ ಬರಹದಲ್ಲಿ. ಭಾರತಕ್ಕೆ ಅದನ್ನು ತಂದವರು ಪೋರ್ಚುಗೀಸರೆಂಬುದು ಸಾಮಾನ್ಯ ಅಭಿಪ್ರಾಯ. ಆದರೂ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಅದನ್ನು ಹೆಚ್ಚಾಗಿ ಬೆಳೆಯುತ್ತಿದ್ದುದು ಇಲ್ಲಿದ್ದ ಯುರೋಪಿಯನ್ನರ ಊಟಕ್ಕಾಗಿ. ಕರಾವಳಿಯವರು ಅದನ್ನು ಚಪ್ಪರಬದನೆ ಎಂದು ಕರೆದು ಬದನೆಯ ಕುಲಕ್ಕೆ ಸೇರಿಸಿದರು. ಸಸ್ಯಶಾಸ್ತ್ರದ ದೃಷ್ಟಿಯಿಂದಲೂ ಆ ಹೆಸರು ಸರಿಯಾದುದೇ. ಬಹುಬೀಜವೆಂದು ಬದನೆಯನ್ನು ಬಿಟ್ಟವರು ಟೊಮ್ಯಾಟೊವನ್ನು ತಿನ್ನಬಹುದೇ ಎಂಬ ಚರ್ಚೆ ನಮ್ಮ ಮನೆಗಳ ಅಡುಗೆಮನೆಯಲ್ಲಿ ಇಂದಿಗೂ ಮುಗಿದಿಲ್ಲ. ಶಾಸ್ತ್ರಕಾರರು ಕಾಣದ ಹಣ್ಣಿನ ವಿಷಯದಲ್ಲಿ ಶಾಸ್ತ್ರವನ್ನು ಎಳೆದು ತರುವುದು ಕಷ್ಟ, ಅದು ಹಾಗಿರಲಿ.

ಬೆಳೆಯನ್ನು ಕೀಟಗಳಿಂದ ಕಾಯುವ ಚಿಂತೆ ಕನ್ನಡಕ್ಕೆ ಹೊಸತಲ್ಲ. ಕಲ್ಯಾಣದ ಚಾಳುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯನೆಂಬ ಕವಿ ‘ಲೋಕೋಪಕಾರ’ವನ್ನು ರಚಿಸಿದನು. ಈತನು ಗೊಮ್ಮಟೇಶ್ವರನನ್ನು ಕಡೆಯಿಸಿದ ನಮ್ಮ ಚಾವುಂಡರಾಯನಲ್ಲ. ಹೆಸರಿನ ಸಾಮ್ಯದಿಂದ ಇಬ್ಬರನ್ನೂ ಒಬ್ಬನೆಂದು ಬಗೆದು ಭಾಷಣ ಮಾಡುವವರು ಈಗಲೂ ಇರುವುದರಿಂದ ಇದನ್ನು ಹೇಳಬೇಕಾಯಿತು. ನೆಲದಡಿಯ ನೀರನ್ನು ಗುರುತಿಸುವುದು, ಅಡುಗೆ, ಸುಗಂಧದ್ರವ್ಯ ಮೊದಲಾದ ಲೋಕೋಪಯೋಗಿ ವಿಷಯಗಳ ಜೊತೆಗೆ ವೃಕ್ಷಾಯುರ್ವೇದವೂ ಆ ಗ್ರಂಥದಲ್ಲಿದೆ. ಅದಕ್ಕಿಂತ ಹಿಂದೆ, ಆರನೆಯ ಶತಮಾನದ ವರಾಹಮಿಹಿರನು ರೋಗ ತಗುಲಿದ ಮರದ ಕೆಟ್ಟ ಭಾಗವನ್ನು ಕತ್ತರಿಸಿ, ವಾಯುವಿಳಂಗ, ತುಪ್ಪ, ಕೆಸರುಗಳನ್ನು ಕಲಸಿ ಬಳಿದು, ಹಾಲು ಬೆರೆಸಿದ ನೀರನ್ನು ಹಾಕಬೇಕೆಂದು ವಿಧಿಸಿದ್ದನು. ಈ ವಿದ್ಯೆಯು ಗಿಡವನ್ನು ರೋಗಿಯೆಂದು ಕಂಡಿತು. ಅದರ ಗಮನ ಗಿಡದ ಆರೈಕೆಯ ಮೇಲಿತ್ತು.

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಪತ್ತೆಯಾದ ಶಾಸನದಿಂದ ಅಶೋಕನ ಹೆಸರು ಖಚಿತವಾದುದನ್ನು ಓದುಗರು ಬಲ್ಲರು. ಅದೇ ಅರಸನು ಪಟ್ಟಾಭಿಷೇಕವಾದ 26 ವರ್ಷಗಳ ಬಳಿಕ ಉತ್ತರ ಭಾರತದಲ್ಲಿ ಹಾಕಿಸಿದ ಐದನೆಯ ಸ್ತಂಭಶಾಸನದಲ್ಲಿ, ಒಳಗೆ ಜೀವಿಗಳಿರುವ ಹೊಟ್ಟನ್ನು ಸುಡಕೂಡದೆಂಬ ಆಜ್ಞೆಯಿದೆ. ಕಣದ ಮೂಲೆಯ ಹೊಟ್ಟಿನಲ್ಲಿರುವ ಹುಳುವಿನ ಪ್ರಾಣವೂ ರಾಜಾಜ್ಞೆಗೆ ವಿಷಯವಾಗಿದ್ದ ಕಾಲ ಅದು.

ಟೊಮ್ಯಾಟೊವಿಗೆ ಮರಳೋಣ. ಅದರ ವಂಶಾಭಿವೃದ್ಧಿ ಸುಲಭ. ಚೆನ್ನಾಗಿ ಮಾಗಿದ ಹಣ್ಣಿನ ತಿರುಳನ್ನು ಒಂದೆರಡು ದಿನ ಹುಳಿಯಲು ಬಿಟ್ಟು, ತೊಳೆದು ನೆರಳಿನಲ್ಲಿ ಒಣಗಿಸಿದರೆ ಬೀಜ ಸಿದ್ಧ. ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿಕಟ್ಟುವುದರಿಂದ ತಾಯಿಯ ಗುಣ ಕೆಡುವುದಿಲ್ಲ. ಎಲೆಯ ಕಂಕುಳಲ್ಲಿ ಒಡೆದ ಕುಡಿಯನ್ನು ಚಿವುಟಿ ಒದ್ದೆ ಮಣ್ಣಿನಲ್ಲಿ ಊರಿದರೂ ಬೇರು ಬಿಡುತ್ತದೆ. ಈ ಸ್ವಾವಲಂಬನೆಯ ಸ್ಥಾನದಲ್ಲಿ ಸಂಕರ ಬೀಜ ಬಂದದ್ದು 1970ರ ದಶಕದಲ್ಲಿ. ಮನಮೋಹನ ಅತ್ತಾವರರು ಬೆಂಗಳೂರಿನಲ್ಲಿ ಸ್ಥಾಪಿಸಿದ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆಯು 1973ರಲ್ಲಿ ‘ಕರ್ನಾಟಕ’ ಎಂಬ ಹೆಸರಿನ ಸಂಕರ ಟೊಮ್ಯಾಟೊವನ್ನು ಹೊರತಂದಿತು. ಮುಂದೆ ರಾಣೆಬೆನ್ನೂರಿನ ಸುತ್ತಿನ ಹೊಲಗಳಲ್ಲಿ ಹೆಣ್ಣುಮಕ್ಕಳು ಮೊಗ್ಗಿನ ಕೇಸರಗಳನ್ನು ಚಿಮಟಿಗೆಯಿಂದ ಕಿತ್ತು, ಬೇರೆ ತಳಿಯ ಪರಾಗವನ್ನು ಒಂದೊಂದೇ ಹೂವಿಗೆ ಸೋಕಿಸಿ ಬೀಜ ಮಾಡುವ ಉದ್ಯಮ ಬೆಳೆಯಿತು. ಇಳುವರಿ ಹೆಚ್ಚಿತು. ಆದರೆ ಪ್ರತಿ ಹಂಗಾಮಿಗೂ ಬೀಜವನ್ನು ಹಣ ಕೊಟ್ಟು ತರಬೇಕಾಯಿತು; ಹಾಕಿದ ಹಣ ಹೆಚ್ಚಾದಷ್ಟೂ ಹುಳುವಿನ ಭಯವೂ ಹೆಚ್ಚಾಯಿತು.

ಆ ಭಯಕ್ಕೆ ವ್ಯಾಪಾರಿ ತೋರಿದ ಪರಿಹಾರ ವಿಷ. ನಮ್ಮ ಉತ್ತರ ಕರ್ನಾಟಕದ ರೈತರು ಅದನ್ನು ‘ಎಣ್ಣಿ’ ಎನ್ನುತ್ತಾರೆ, ಉಳಿದವರು ‘ಔಷಧ’ ಎನ್ನುತ್ತಾರೆ. ಕೊಲ್ಲುವ ವಸ್ತುವಿಗೆ ಗುಣಪಡಿಸುವ ವಸ್ತುವಿನ ಹೆಸರು ಬಂದುದು ಭಾಷೆಯ ಸಣ್ಣ ಪ್ರಮಾದವಲ್ಲ. ನೆರೆಯ ಆಂಧ್ರದ ಹತ್ತಿ ಸೀಮೆಯಲ್ಲಿ 1987ರ ಸುಮಾರಿಗೆ ಈ ಕಾಯಿಕೊರಕವು ಆಗಿನ ಹೊಸ ಕೀಟನಾಶಕಗಳಿಗೂ ಜಗ್ಗದಿರುವುದು ಕಂಡುಬಂದಿತು. ಹತ್ತಿಯ ಹೊಲದಲ್ಲಿ ವಿಷವುಂಡು ಬದುಕುಳಿದ ಹುಳುವಿನ ಸಂತತಿ ಪಕ್ಕದ ಟೊಮ್ಯಾಟೊ ಮಡಿಗೂ ಬರುವುದನ್ನು ಯಾವ ಬದುವೂ ತಡೆಯಲಾರದು. ಸಿಂಪಡಣೆ ಹೆಚ್ಚಿತು, ಹುಳುವನ್ನು ತಿನ್ನುವ ಜೇಡ, ಕಣಜಗಳು ಸತ್ತವು. ಕಾಸರಗೋಡಿನ ಕನ್ನಡ ಸೀಮೆಯ ಗೇರುತೋಟಗಳ ಮೇಲೆ ಸುಮಾರು ಎರಡು ದಶಕ ಕಾಲ ಆಕಾಶದಿಂದ ಸುರಿದ ಎಂಡೋಸಲ್ಫಾನ್ ಏನು ಮಾಡಿತೆಂಬುದನ್ನು ಎಣ್ಮಕಜೆಯಂಥ ಗ್ರಾಮಗಳ ಮಕ್ಕಳ ಅಂಗಾಂಗಗಳೇ ಸಾರಿದವು. ಆ ಸಿಂಪಡಣೆ ನಿಂತದ್ದು 2000ದಲ್ಲಿ. ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ಆ ವಿಷವನ್ನು ತಡೆದದ್ದು 2011ರಲ್ಲಿ.

ಜೈನಾಚಾರ್ಯರು ಕೃಷಿಯನ್ನು ನಿಷೇಧಿಸಲಿಲ್ಲ. ರಾಯಚೂರಿಗೆ ದೂರವಲ್ಲದ ಮಾನ್ಯಖೇಟದ ಅರಸ ಅಮೋಘವರ್ಷನಿಗೆ ಗುರುವಾಗಿದ್ದ ಜಿನಸೇನರು ತಮ್ಮ ಆದಿಪುರಾಣದಲ್ಲಿ, ಪ್ರಜೆಗಳಿಗೆ ಅಸಿ, ಮಸಿ, ಕೃಷಿ ಮೊದಲಾದ ಆರು ಕರ್ಮಗಳನ್ನು ಕಲಿಸಿದವನು ವೃಷಭದೇವನೇ ಎಂದಿದ್ದಾರೆ. ಉಳುವಾಗ ಆಗುವ ಜೀವಹಾನಿ ಉದ್ಯೋಗೀ ಹಿಂಸೆ. ಗೃಹಸ್ಥನಿಗೆ ಅದು ಅನಿವಾರ್ಯ. ಸಂಕಲ್ಪಿಸಿ ತ್ರಸಜೀವಿಯನ್ನು ಕೊಲ್ಲುವುದು ಮಾತ್ರ ಅಣುವ್ರತಿಗೆ ಸಲ್ಲದು. ಸಿಂಪಡಣೆಯ ಯಂತ್ರವನ್ನು ಬೆನ್ನಿಗೇರಿಸಿ ಹೊರಟವನ ಕಾರ್ಯವು ಯಾವ ಬಗೆಯದು? ಬೆಳೆ ಉಳಿಸುವುದೇ ಉದ್ದೇಶ, ಹುಳುವಿನ ಮರಣ ಆನುಷಂಗಿಕವೆಂದು ಕೆಲವರು ವಾದಿಸುತ್ತಾರೆ. ನನಗೆ ಈ ವಾದ ಪೂರ್ಣ ಒಪ್ಪಿಗೆಯಾಗಿಲ್ಲ. ನೇಗಿಲಿನ ಮೊನೆಗೆ ಹುಳು ತಾನಾಗಿ ಸಿಕ್ಕುತ್ತದೆ; ವಿಷದ ಗುರಿಯೇ ಹುಳು. ಹನ್ನೆರಡನೆಯ ಶತಮಾನದ ಹೇಮಚಂದ್ರರು ಶ್ರಾವಕನು ಬಿಡಬೇಕಾದ ಹದಿನೈದು ವೃತ್ತಿಗಳಲ್ಲಿ ವಿಷವಾಣಿಜ್ಯವನ್ನು ಎಣಿಸಿದ್ದಾರೆ. ಕೀಟನಾಶಕದ ಅಂಗಡಿಯಿಟ್ಟಿರುವ ನಮ್ಮ ಬಂಧುಗಳು ಇದನ್ನು ಓದಿ ಮುನಿಸಿಕೊಂಡರೂ ಮಾತನ್ನು ಅಳಿಸುವಂತಿಲ್ಲ.

ಹಾಗಾದರೆ ಬೇರೆ ದಾರಿಯಿತ್ತೇ? ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲುವ ನಮ್ಮ ಭಾಗದ ಆಚರಣೆಯನ್ನು ನೆನೆಯಬಹುದು. ಚೆಲ್ಲಿದ ಅನ್ನಕ್ಕೆ ಬಂದ ಹಕ್ಕಿಗಳು ಹುಳುವನ್ನೂ ಹೆಕ್ಕುತ್ತವೆ. ಕಲಬುರಗಿಯ ಕಡೆ ತೊಗರಿ ಗಿಡವನ್ನು ಅಲುಗಿಸಿ ಹುಳುಗಳನ್ನು ಬಟ್ಟೆಯ ಮೇಲೆ ಉದುರಿಸುವ ಪದ್ಧತಿಯಿತ್ತು. ಉದುರಿದ ಹುಳುಗಳು ಕೋಳಿಗೆ ಆಹಾರವಾಗುತ್ತಿದ್ದವು ಎಂಬುದನ್ನೂ ಮರೆಮಾಚಬಾರದು.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1990ರ ದಶಕದ ಮೊದಲ ಭಾಗದಲ್ಲಿ ತೋರಿಸಿದ ಉಪಾಯ ಇನ್ನೂ ಸೂಕ್ಷ್ಮವಾದುದು. ಪ್ರತಿ 16 ಸಾಲು ಟೊಮ್ಯಾಟೊವಿಗೆ ಒಂದು ಸಾಲು ಎತ್ತರದ ಚೆಂಡುಹೂವು. ಟೊಮ್ಯಾಟೊ ಸಸಿ 25 ದಿನದ್ದು, ಚೆಂಡುಹೂವಿನ ಸಸಿ 40 ದಿನದ್ದು. ಒಟ್ಟಿಗೆ ನೆಟ್ಟರೆ ಎರಡೂ ಒಂದೇ ಕಾಲಕ್ಕೆ ಹೂ ಬಿಡುತ್ತವೆ. ಚಿಟ್ಟೆಯು ಟೊಮ್ಯಾಟೊವನ್ನು ಬಿಟ್ಟು ಚೆಂಡುಹೂವಿನ ಮೇಲೆ ಹೆಚ್ಚು ಮೊಟ್ಟೆಯಿಡುತ್ತದೆ. ಇದೊಂದು ಬಗೆಯ ವಂಚನೆಯೆಂದು ಆಕ್ಷೇಪಿಸಬಹುದು. ಮೇಲಾಗಿ, ಉಳಿದ ಹುಳುಗಳಿಗೆಂದು ಸೂಚಿಸುವ ನಂಜಾಣುವಿನ ದ್ರಾವಣವೂ ಕೊಲ್ಲುವುದೇ. ಅದು ಆ ಹುಳುವನ್ನಲ್ಲದೆ ಜೇನು, ಕಣಜ, ಮನುಷ್ಯರನ್ನು ಮುಟ್ಟುವುದಿಲ್ಲವೆಂಬುದಷ್ಟೇ ಭೇದ. ಆ ಭೇದ ಅಲ್ಪವಲ್ಲ.

ನನ್ನ ದೃಷ್ಟಿಯಲ್ಲಿ ಹೆಚ್ಚು ನಿರ್ದೋಷವಾದ ರಕ್ಷಣೆ ನಡೆಯುವುದು ಸಸಿಮಡಿಯಲ್ಲಿ. ಎಲೆ ಮುಟುರು ರೋಗವನ್ನು ಹರಡುವುದು ಬಿಳಿನೊಣ. ಎಳೆಯ ಸಸಿಗೆ ರೋಗ ತಗುಲಿದರೆ ಫಲದ ಆಸೆಯನ್ನೇ ಬಿಡಬೇಕು. ಏರುಮಡಿಯಲ್ಲಿ ಬಿತ್ತಿ, ಮೊಳಕೆಯೊಡೆದಂದಿನಿಂದ ಕಿತ್ತು ನೆಡುವವರೆಗೆ 40 ಕಣ್ಣಿನ ಅಥವಾ ಅದಕ್ಕಿಂತ ಸಣ್ಣ ಕಣ್ಣಿನ ನೈಲಾನ್ ಪರದೆಯನ್ನು ಮುಚ್ಚಿದರೆ ನೊಣ ಹೊರಗೆ, ಸಸಿ ಒಳಗೆ. ಇಲ್ಲಿ ಯಾರನ್ನೂ ಕೊಲ್ಲುವ ಪ್ರಮೇಯವಿಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ನಂದಿ, ಸಂಕ್ರಾಂತಿ, ವೈಭವ ತಳಿಗಳೂ ಹೆಸರಘಟ್ಟದ ಅರ್ಕಾ ರಕ್ಷಕ್ ಸಂಕರ ತಳಿಯೂ ಈ ರೋಗವನ್ನು ಸ್ವತಃ ತಾಳಿಕೊಳ್ಳುವಂಥವು. ಅವುಗಳಲ್ಲಿ ರಕ್ಷಣೆಯು ಬೀಜದೊಳಗೇ ಬಂದಿದೆ.

ಆದರೂ ಕಥೆ ಮುಗಿಯಲಿಲ್ಲ. 2014ರಲ್ಲಿ ಮಹಾರಾಷ್ಟ್ರ, ಕರ್ನಾಟಕಗಳ ಟೊಮ್ಯಾಟೊ ತೋಟಗಳಲ್ಲಿ ಟುಟಾ ಎಂಬ ಹೊಸ ಎಲೆಸುರಂಗದ ಹುಳು ಕಾಣಿಸಿಕೊಂಡಿತು. ಅದರ ತವರೂ ದಕ್ಷಿಣ ಅಮೆರಿಕವೇ. ಗಿಡ ಬಂದ ನಾನ್ನೂರು ವರ್ಷಗಳ ಮೇಲೆ ಅದರ ಹಳೆಯ ನೆಂಟ ಹಿಂಬಾಲಿಸಿ ಬಂದಂತಾಯಿತು. ಗಂಡುಚಿಟ್ಟೆಯನ್ನು ಹೆಣ್ಣಿನ ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆಗಳನ್ನು ಈಗ ಅದಕ್ಕಾಗಿ ಕಟ್ಟುತ್ತಾರೆ. ಹುಳು ಕೊರೆದ ಎಲೆ, ಕಾಯಿಗಳನ್ನು ಆರಿಸಿ ತೆಗೆಯುವ ಕೆಲಸವಂತೂ ಕೈಯಿಂದಲೇ ಆಗಬೇಕು. ಅದಕ್ಕೆ ವಾರಕ್ಕೆರಡು ಬಾರಿ ಸಾಲುಸಾಲಾಗಿ ಬಗ್ಗಿ ನೋಡುವ ಕೂಲಿಯವರು ಬೇಕು. ಒಂದು ಡಬ್ಬಿ ಎಣ್ಣೆಯ ಬೆಲೆಗಿಂತ ಆ ಕೂಲಿ ಹೆಚ್ಚಾಗುವ ದಿನ ರೈತನು ಯಾವುದನ್ನು ಆರಿಸುತ್ತಾನೆಂಬುದು ಟೊಮ್ಯಾಟೊವಿನ ಆ ವಾರದ ಪೇಟೆಯ ಧಾರಣೆಯ ಮೇಲೆ ನಿಂತಿದೆ.