ತವರಿನ ಹೆರಿಗೆ, ಮೈಸೂರಿನ ದಾಖಲೆ: ಡೌನ್ ಸಿಂಡ್ರೋಮ್ ಎಣಿಕೆಯ ಚರಿತ್ರೆ

ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗದಲ್ಲಿ ನಾಲ್ಕು ತಾಲ್ಲೂಕುಗಳಿವೆ: ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಇಲ್ಲಿ ವರ್ಷಕ್ಕೆ ಎಷ್ಟು ಮಕ್ಕಳು ಡೌನ್ ಸಿಂಡ್ರೋಮಿನೊಂದಿಗೆ ಹುಟ್ಟುತ್ತವೆ ಎಂದು ಕೇಳಿದರೆ ಜಗತ್ತಿನ ಸರಾಸರಿ ಹಿಡಿದು ಗುಣಿಸಿ ಹೇಳುವುದು ರೂಢಿ. ವಿಶ್ವಸಂಸ್ಥೆಯ ಅಂದಾಜು 1,000ದಿಂದ 1,100 ಜನನಕ್ಕೆ ಒಂದು; ಅಮೆರಿಕದ್ದು ಸುಮಾರು 700ಕ್ಕೆ ಒಂದು. ಈ ಅಂತರ ಹುಟ್ಟುವುದು ಊರಿನ ಗಾಳಿ ನೀರಿನಿಂದಲ್ಲ. ತಾಯಂದಿರ ವಯಸ್ಸು, ಸ್ಕ್ಯಾನಿಂಗಿನ ಪದ್ಧತಿ, ಎಣಿಸುವವರ ಶ್ರದ್ಧೆ, ಈ ಮೂರೇ ಅದರ ಬಹುಪಾಲನ್ನು ವಿವರಿಸುತ್ತವೆ.

ಇಂಗ್ಲೆಂಡಿನ ಅರ್ಲ್ಸ್‌ವುಡ್ ಆಶ್ರಮದ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್ ಈ ಲಕ್ಷಣಗಳನ್ನು ಒಟ್ಟಾಗಿ ವಿವರಿಸಿದ್ದು 1866ರಲ್ಲಿ. ಆಗ ಪಾಂಡವಪುರ ಇನ್ನೂ ಫ್ರೆಂಚ್ ರಾಕ್ಸ್, ಕೆ.ಆರ್. ಪೇಟೆ ಇನ್ನೂ ಅತ್ತಿಕುಪ್ಪೆ. ತಾಯಿಯ ವಯಸ್ಸಿಗೂ ಇದಕ್ಕೂ ಇರುವ ನಂಟನ್ನು ಲಯನಲ್ ಪೆನ್‌ರೋಸ್ 1933ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಕಾರಣ 21ನೇ ಕ್ರೋಮೋಸೋಮಿನ ಮೂರನೆಯ ಪ್ರತಿ ಎಂಬುದನ್ನು 1959ರಲ್ಲಿ ಪ್ಯಾರಿಸ್ಸಿನ ಲಜೋನ್, ಗೋತಿಯೆ, ಟ್ಯೂರ್ಪ್ಯಾಂ ಪ್ರಕಟಿಸಿದರು.

ನಮ್ಮ ಕಡೆ ಈ ಮಕ್ಕಳಿಗೆ ಲೆಕ್ಕದ ಪುಸ್ತಕದಲ್ಲಿ ಜಾಗವೇ ಇರಲಿಲ್ಲ. 1881ರಿಂದ 1931ರವರೆಗಿನ ಜನಗಣತಿಗಳು ಬುದ್ಧಿಭ್ರಮೆ, ಕಿವುಡು-ಮೂಗು, ಕುರುಡು, ಕುಷ್ಠ ಎಂಬ ನಾಲ್ಕನ್ನು ಮಾತ್ರ ಕೇಳಿದವು. 2011ರ ಗಣತಿ ಬೌದ್ಧಿಕ ಕುಂಠಿತಕ್ಕೆ ಬೇರೆ ಕಲಂ ಕೊಟ್ಟರೂ ಅದರೊಳಗೆ ಡೌನ್ ಸಿಂಡ್ರೋಮನ್ನು ಪ್ರತ್ಯೇಕಿಸಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿದ 21 ಬಗೆಗಳಲ್ಲೂ ಇದರ ಹೆಸರಿಲ್ಲ. ಹೆಸರು ಹಿಡಿದು ಹುಡುಕುವ ವ್ಯವಸ್ಥೆ ಬಂದದ್ದು 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ.

ಭಾರತದ ಬಗ್ಗೆ ಎಲ್ಲರೂ ಉಲ್ಲೇಖಿಸುವ 1,150ಕ್ಕೆ ಒಂದು ಎಂಬ ಅಂಕಿ ಐ.ಸಿ. ವರ್ಮ ಮತ್ತು ಸಂಗಡಿಗರದು. ದೆಹಲಿ, ಮುಂಬೈ, ಬರೋಡಾಗಳಲ್ಲಿ 94,610 ನವಜಾತ ಶಿಶುಗಳನ್ನು ನೋಡಿ ಪಡೆದದ್ದು. ಮೂರೂ ದೊಡ್ಡ ನಗರಗಳೇ. ದಕ್ಷಿಣದ ಒಂದು ಊರೂ ಇಲ್ಲ. ಅದನ್ನೇ ಇಲ್ಲಿಗೆ ಹಚ್ಚಿ, ನಾಲ್ಕು ತಾಲ್ಲೂಕಿಗೆ ವರ್ಷಕ್ಕೆ 10,000 ಹೆರಿಗೆ ಎಂದಿಟ್ಟುಕೊಂಡರೆ ಎಂಟು ಒಂಬತ್ತು ಮಕ್ಕಳಾಗುತ್ತವೆ. ಸಂಖ್ಯೆ ಇಷ್ಟು ಚಿಕ್ಕದಾದಾಗ ಒಂದು ವರ್ಷ ನಾಲ್ಕು, ಮರುವರ್ಷ ಹದಿಮೂರು ಬಂದರೂ ಅದು ಬರೀ ಆಕಸ್ಮಿಕ. ಗದ್ದೆಗೆ ಹೊಡೆದ ಔಷಧಿಯಿಂದ ಹೆಚ್ಚಾಯಿತು ಎಂದು ಯಾರಾದರೂ ಒಂದೇ ವರ್ಷದ ಲೆಕ್ಕ ಹಿಡಿದು ಹೇಳಿದರೆ ನಂಬಬೇಕಾಗಿಲ್ಲ.

ಇನ್ನೂ ದೊಡ್ಡ ತೊಡಕು ಹೆರಿಗೆಯ ಜಾಗದ್ದು. ಚೊಚ್ಚಲ ಹೆರಿಗೆ ತವರಿನಲ್ಲಿ. ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ಮೈಸೂರಿನ ಚೆಲುವಾಂಬ ಆಸ್ಪತ್ರೆ ಹತ್ತಿರ, ನಾಗಮಂಗಲದವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ. ಕೆ.ಆರ್. ಪೇಟೆಯ ಸೊಸೆ ಹುಣಸೂರಿನ ತವರಿಗೆ ಹೋಗಿ, ಮೈಸೂರಿನಲ್ಲಿ ಹೆತ್ತು, ಐದನೇ ತಿಂಗಳಿಗೆ ಗಂಡನ ಮನೆಗೆ ಬಂದರೆ ಆ ಮಗು ಯಾವ ತಾಲ್ಲೂಕಿನದು? ಡೌನ್ ಸಿಂಡ್ರೋಮಿರುವ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟಕ್ಕೆ ಹೃದಯದ ದೋಷವಿರುತ್ತದೆ. ಕ್ರೋಮೋಸೋಮ್ ಪರೀಕ್ಷೆಗೆ ಮುಂಚೆಯೇ ತೀರಿಕೊಂಡ ಕೂಸು ‘ನ್ಯುಮೋನಿಯಾ’ ಎಂದೋ ‘ಹೃದಯದ ತೊಂದರೆ’ ಎಂದೋ ದಾಖಲಾಗಿ ಹೋಗುತ್ತದೆ.

ಈ ಸೀಮೆಗೆ ಅತ್ಯಂತ ಹತ್ತಿರದ ಸಂಶೋಧನೆ ನಡೆದದ್ದು ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ. ಎಸ್.ಎಸ್. ಮಾಲಿನಿ ಮತ್ತು ಎನ್.ಬಿ. ರಾಮಚಂದ್ರ 2006ರಲ್ಲಿ ಪ್ರಕಟಿಸಿದ ಪ್ರಬಂಧ ಒಂದು ವಿಚಿತ್ರದಿಂದ ಹೊರಡುತ್ತದೆ: ಇಲ್ಲಿ ಇಂಥ ಮಕ್ಕಳನ್ನು ಹೆರುವವರಲ್ಲಿ ಹೆಚ್ಚಿನವರು ಚಿಕ್ಕ ವಯಸ್ಸಿನ ತಾಯಂದಿರು. ಹೆರುವವರಲ್ಲೇ ಅವರು ಹೆಚ್ಚು ಎಂಬುದು ಇದಕ್ಕೆ ಅರ್ಧ ಉತ್ತರ. ಉಳಿದರ್ಧಕ್ಕಾಗಿ ಅವರು ಒಂದು ತಲೆಮಾರು ಹಿಂದಕ್ಕೆ ಹೋದರು. ಹೆಣ್ಣಿನ ಅಂಡಾಣುಗಳು ರೂಪುಗೊಳ್ಳುವುದು ಅವಳು ತನ್ನ ತಾಯಿಯ ಹೊಟ್ಟೆಯಲ್ಲಿರುವಾಗಲೇ. ಹಾಗಾದರೆ ತಾಯಿ ಹುಟ್ಟಿದಾಗ ಅವಳ ತಾಯಿಯ, ಅಂದರೆ ಮಗುವಿನ ಅಜ್ಜಿಯ, ವಯಸ್ಸೆಷ್ಟಿತ್ತು? ಅದು ಒಂದೊಂದು ವರ್ಷ ಹೆಚ್ಚಿದಂತೆ ಸಾಧ್ಯತೆ ಶೇ 30ರಷ್ಟು ಏರುತ್ತದೆ ಎಂಬುದು ಅವರ ಫಲಿತಾಂಶ. ಊಹೆ ಸೊಗಸಾದದ್ದು, ಆದರೆ ಇದನ್ನು ತೀರ್ಮಾನವೆಂದು ಹಿಡಿಯಲು ನಾನು ಹಿಂಜರಿಯುತ್ತೇನೆ. ನೋಡಿದ ಕುಟುಂಬಗಳು ಕಡಿಮೆ. ಅಲ್ಲದೆ ಹಳ್ಳಿಯ ಅಜ್ಜಿಯ ವಯಸ್ಸು ಬರ ಬಿದ್ದ ವರ್ಷ, ಕನ್ನಂಬಾಡಿ ಕಟ್ಟೆ ತುಂಬಿದ ವರ್ಷ ಎಂಬ ನೆನಪಿನ ಮೇಲೆ ನಿಂತದ್ದು. ಮೂರು ನಾಲ್ಕು ವರ್ಷ ಅತ್ತಿತ್ತ ಆಗುವುದು ಸಹಜ.

ಸೋದರಮಾವನಿಗೆ ಕೊಟ್ಟದ್ದಕ್ಕೇ ಹೀಗಾಯಿತು ಎಂಬ ದೂಷಣೆಯಂತೂ ನಿಲ್ಲುವುದಿಲ್ಲ. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಅಪ್ಪಾಜಿ ರಾವ್, ಬಿಟಲ್ಸ್ ಮೊದಲಾದವರು ಮಾಡಿದ ಸಮೀಕ್ಷೆಯಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಮದುವೆ ಹತ್ತಿರದ ಸಂಬಂಧದೊಳಗಿನದು. ಅಂಥ ಮದುವೆಯಿಂದ ಹೆಚ್ಚುವ ಕಾಯಿಲೆಗಳು ಬೇರೆ. ಡೌನ್ ಸಿಂಡ್ರೋಮಿನ ನೂರರಲ್ಲಿ ತೊಂಬತ್ತೈದರಷ್ಟು ಪ್ರಕರಣಗಳು ಕೋಶ ವಿಭಜನೆಯಲ್ಲಿ ಕ್ರೋಮೋಸೋಮುಗಳು ಬೇರ್ಪಡದೆ ಉಂಟಾದವು. 21ನೇ ಕ್ರೋಮೋಸೋಮಿನ ಭಾಗ ಬೇರೊಂದು ಕ್ರೋಮೋಸೋಮಿಗೆ ಅಂಟಿಕೊಳ್ಳುವ ‘ಸ್ಥಾನಾಂತರ’ದ ಮೂರು ನಾಲ್ಕರಲ್ಲಿ ಕೆಲವು ಮಾತ್ರ ತಂದೆ ತಾಯಿಯಿಂದ ಬಂದವು.

ಇನ್ನು ಸ್ಕ್ಯಾನಿಂಗಿನ ಮಾತು. ಡೆನ್ಮಾರ್ಕ್ 2004ರಲ್ಲಿ ಎಲ್ಲ ಗರ್ಭಿಣಿಯರಿಗೂ ಡೌನ್ ಸಿಂಡ್ರೋಮಿನ ತಪಾಸಣೆ ಒದಗಿಸಿದ ಮೇಲೆ ಅಲ್ಲಿ ಇಂಥ ಜನನಗಳು ಸುಮಾರು ಅರ್ಧಕ್ಕೆ ಇಳಿದವು. ಮಂಡ್ಯದಲ್ಲಿ ಸ್ಕ್ಯಾನಿಂಗ್ ಎಂದೊಡನೆ ನೆನಪಾಗುವುದು ಬೇರೆಯೇ: 2023ರಲ್ಲಿ ಆಲೆಮನೆಯಲ್ಲಿ, 2024ರಲ್ಲಿ ಪಾಂಡವಪುರದ ಆರೋಗ್ಯ ಇಲಾಖೆಯ ವಸತಿಗೃಹದಲ್ಲಿ ಬಯಲಾದ ಹೆಣ್ಣುಭ್ರೂಣ ಹತ್ಯೆಯ ಜಾಲಗಳು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯ್ದೆ ಕ್ರೋಮೋಸೋಮ್ ದೋಷ ಪತ್ತೆಗೆ ಅವಕಾಶ ಕೊಟ್ಟಿದ್ದರೂ, ಗುಟ್ಟಾಗಿ ನಡೆದ ಗರ್ಭಪಾತ ಯಾವ ಎಣಿಕೆಗೂ ಬರುವುದಿಲ್ಲ.

ತಾಲ್ಲೂಕಿನ ನಿಜವಾದ ಲೆಕ್ಕ ಬೇಕೆಂದರೆ ಹೊಸ ಸಮೀಕ್ಷೆಗಿಂತ ಮೊದಲು ಇರುವ ತಾಯಿ ಕಾರ್ಡನ್ನು ಬಳಸಬಹುದು. ಅದರಲ್ಲಿ ಬಸುರಿಯ ವಿಳಾಸ, ವಯಸ್ಸು ಎರಡೂ ಇರುತ್ತವೆ. ಮೈಸೂರಿನ ಆಸ್ಪತ್ರೆ ರೋಗನಿದಾನದ ಪಕ್ಕದಲ್ಲಿ ಆ ಕಾರ್ಡಿನ ಸಂಖ್ಯೆ ಬರೆದರೆ ಮಗು ಯಾವ ಊರಿನದೆಂದು ತಿಳಿಯುತ್ತದೆ. ಹದಿನೆಂಟು ತುಂಬುವ ಮೊದಲೇ ಮದುವೆಯಾದವಳ ವಯಸ್ಸನ್ನು ಕಾನೂನಿಗೆ ಹೆದರಿ ಹತ್ತೊಂಬತ್ತು ಎಂದು ಬರೆಸಿದ್ದರೆ ಮಾತ್ರ ವಯಸ್ಸಿನ ಕಲಂ ಅಷ್ಟರಮಟ್ಟಿಗೆ ಕೆಟ್ಟಿರುತ್ತದೆ.