ಗಾಜಿನ ಮನೆಯ ದುಂಬಿ

ಐರ್ಲೆಂಡಿನ ಲೀಕ್ಸ್‌ಲಿಪ್‌ನಲ್ಲಿ ನಮ್ಮ ಹಿತ್ತಲಿಗೊಂದು ಪುಟ್ಟ ಗಾಜಿನ ಮನೆಯಿದೆ. ಇಲ್ಲಿನ ಚಳಿಮಳೆಗೆ ಬಯಲಲ್ಲಿ ಟೊಮೆಟೊ ಹಣ್ಣಾಗುವುದು ಕಷ್ಟ. ಮೊದಲ ವರ್ಷ ಗಿಡ ಸೊಗಸಾಗಿ ಬಂತು, ಹೂ ಬಿಟ್ಟಿತು, ಆದರೆ ಹೂವೆಲ್ಲ ಕಾಯಿ ಕಟ್ಟದೆ ಉದುರಿತು. "ಬಾಗಿಲು ತೆಗೆದಿಡು, ದುಂಬಿ ಬರಲಿ" ಎಂದರು ಪಕ್ಕದ ಮನೆಯ ಅಜ್ಜ. ಕೋಲಾರದ ರೈತನ ಮಗನಿಗೇ ಟೊಮೆಟೊ ಪಾಠವೇ ಎಂದುಕೊಳ್ಳುತ್ತಲೇ ತೆಗೆದಿಟ್ಟೆ. ಕೆಲವೇ ದಿನಗಳಲ್ಲಿ ಪೀಚು ಕಾಣಿಸಿತು.

ಊರಲ್ಲಿ ಈ ಪ್ರಶ್ನೆ ಎದ್ದದ್ದೇ ಇಲ್ಲ. ಟೊಮೆಟೊ ಹೂವಿನ ಪರಾಗ ಕೊಳವೆಯಂಥ ಕೋಶದೊಳಗೆ ಅಡಗಿರುತ್ತದೆ. ತೂತಿನ ಉಪ್ಪಿನ ಡಬ್ಬಿಯಂತೆ ಅಲುಗಿಸಿದರೇ ಉದುರುವುದು. ಬಯಲಲ್ಲಿ ಬಹುಪಾಲು ಕೆಲಸವನ್ನು ಗಾಳಿಯೇ ಮಾಡುತ್ತದೆ. ಮಿಕ್ಕದ್ದಕ್ಕೆ ಬದುವಿನ ಮಣ್ಣಲ್ಲಿ ಗೂಡು ಕೊರೆಯುವ ನೀಲಿಪಟ್ಟೆಯ ಒಂಟಿ ಜೇನಿದೆ. ಹೂವಿಗೆ ಜೋತುಬಿದ್ದು ಝೇಂಕರಿಸಿ ಪರಾಗ ಉದುರಿಸುತ್ತದೆ. ಹೆಜ್ಜೇನು, ತುಡುವೆಗಳಿಗೆ ಈ ವಿದ್ಯೆ ಬಾರದು.

ಯುರೋಪಿನವರು ಟೊಮೆಟೊವನ್ನು ಗಾಜಿನೊಳಗೆ ತಂದಾಗ ಗಾಳಿಯನ್ನೂ ಕೀಟವನ್ನೂ ಹೊರಗಿಟ್ಟರು. ಆಮೇಲೆ ಎಷ್ಟೋ ವರ್ಷ ಆಳುಗಳು ಕಂಪಿಸುವ ಕಡ್ಡಿ ಹಿಡಿದು ಗೊಂಚಲಿಂದ ಗೊಂಚಲಿಗೆ ಮುಟ್ಟಿಸುತ್ತ ನಡೆಯಬೇಕಾಯಿತು. 1985ರಲ್ಲಿ ಬೆಲ್ಜಿಯಮಿನ ಪಶುವೈದ್ಯ ರೋಲಾಂಡ್ ಡಿ ಯೋಂಗೆ ಈ ಕೆಲಸಕ್ಕೆ ಬಂಬಲ್‌ಬೀ ಎಂಬ ರೋಮದ ದುಂಬಿ ಒದಗುತ್ತದೆಂದು ಕಂಡುಕೊಂಡರು. 1987ರಲ್ಲಿ ಬಯೋಬೆಸ್ಟ್ ಕಂಪನಿ ಕಟ್ಟಿ ದುಂಬಿಗಳನ್ನು ಪೆಟ್ಟಿಗೆಯಲ್ಲಿ ಮಾರತೊಡಗಿದರು. ಜೇನುನೊಣ ಗೂಡು ಬಿಡದ ತಣ್ಣನೆಯ ಮೋಡದ ದಿನವೂ ಈ ದುಂಬಿ ಹಾರುತ್ತದೆ. ಅದು ಕಚ್ಚಿ ಹಿಡಿದ ಹೂವಿನ ಮೇಲೆ ಕಂದು ಗುರುತು ಉಳಿಯುತ್ತದೆ. ಬೆಳೆಗಾರರು ಅದನ್ನು ನೋಡಿಯೇ ಕೆಲಸ ಆಯಿತೋ ಇಲ್ಲವೋ ತಿಳಿಯುತ್ತಾರೆ. ನಮ್ಮ ಆಡಿಟ್‌ನ ಟಿಕ್ ಗುರುತಿನ ಹಾಗೆಯೇ! ಆದರೆ ಈ ದುಂಬಿಯನ್ನು ಹೊತ್ತೊಯ್ದ ಕಡೆಯೆಲ್ಲ ಒಳ್ಳೆಯದೇ ಆಗಲಿಲ್ಲ. ಚಿಲಿ ದೇಶಕ್ಕೆ 1990ರ ದಶಕದ ಕೊನೆಗೆ ತರಿಸಿದ ಮೇಲೆ ಅಲ್ಲಿನ ಸ್ಥಳೀಯ ಕಿತ್ತಳೆ ಬಣ್ಣದ ದೈತ್ಯ ದುಂಬಿ ಕ್ಷೀಣಿಸುತ್ತ ಬಂದಿದೆ.

ಹಳೆಯ ಐರಿಷರು ಇಂಥ ಲೆಕ್ಕದಲ್ಲಿ ನಮಗಿಂತ ಚುರುಕು. 'ಬೆಖ್‌ಬ್ರೆಹಾ' ಎಂಬ ಏಳನೆಯ ಶತಮಾನದ ಕಾನೂನು ಗ್ರಂಥವು ಜೇನುಹುಳುಗಳನ್ನು ದನಗಳಂತೆ ಪಕ್ಕದವರ ಜಮೀನಿನಲ್ಲಿ ಮೇಯುವ ಪ್ರಾಣಿಗಳೆಂದೇ ಎಣಿಸಿ, ಆ ಪಕ್ಕದವರಿಗೆ ಜೇನುಹಿಂಡಿನಲ್ಲಿ ಪಾಲು ಕೊಡಿಸುತ್ತದೆ.

ನನ್ನ ಲೆಕ್ಕ ಮಾತ್ರ ತಪ್ಪಿತ್ತು. ತಮ್ಮ ಊರಲ್ಲಿ ಪಾಲಿಹೌಸ್ ಕಟ್ಟಿದಾಗ ಬ್ಯಾಂಕಿನ ಯೋಜನಾ ವರದಿ ಬರೆದುಕೊಟ್ಟವನು ನಾನೇ. ಪ್ಲಾಸ್ಟಿಕ್ ಹಾಳೆ, ಹನಿ ನೀರಾವರಿ, ಸವಕಳಿ, ಬಡ್ಡಿ, ಎಲ್ಲವೂ ಇತ್ತು. ಪರಾಗಸ್ಪರ್ಶಕ್ಕೆ ಒಂದು ಸಾಲೂ ಇರಲಿಲ್ಲ. ಬಯಲಲ್ಲಿ ಅದಕ್ಕೆ ಎಂದೂ ದುಡ್ಡು ಕೊಟ್ಟವರಲ್ಲವಲ್ಲ! ಹೂ ಉದುರುತ್ತಿದೆ ಎಂದು ಅವನು ಫೋನ್ ಮಾಡಿದಾಗ ಅಜ್ಜನ ಮಾತನ್ನೇ ಹೇಳಿದೆ: ಬಾಗಿಲು ತೆಗೆದಿಡು. "ತೆಗೆದರೆ ಬಿಳಿನೊಣ ಬರುತ್ತೆ, ಎಲೆಮುದುಡು ರೋಗ ತರುತ್ತೆ, ಅದಕ್ಕೇ ತಾನೇ ಪರದೆ ಹಾಕಿದ್ದು?" ಎಂದ.

ಈಗ ದಿನವೂ ಬೆಳಿಗ್ಗೆ ಗಿಡ ಕಟ್ಟಿದ ತಂತಿಗಳನ್ನು ತಟ್ಟಲು ಇಬ್ಬರು ಹೆಂಗಸರು ಬರುತ್ತಾರೆ. ಅವರ ಕೂಲಿಯನ್ನು ಯಾವ ಖಾತೆಗೆ ಬರೆಯಲಿ ಎಂದು ಮೊನ್ನೆ ತಮ್ಮ ಕೇಳಿದ.